ಎರಡು ಕಾಲಿನ ವಿಶೇಷ ಪಾರ್ಟು

ಚುಕ್ಕಿರಾಯರಿಗೆ ಗೊತ್ತಿಲ್ಲದ ಪಾರ್ಟು ಈ ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ ಎಂಬ ಮಾತನ್ನು ಮೊದಲು ಹೇಳಿದವರು ಯಾರೋ, ಅದಕ್ಕೆ ದಾಖಲೆ ಇಲ್ಲ. ಅತಿ ಹೆಚ್ಚು ಸಲ ಹೇಳಿದವರು ಮಾತ್ರ ಸ್ವತಃ ಚುಕ್ಕಿರಾಯರೇ.

ಅವರು ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಯ ಹಾಸಿಗೆಗಳಿಗೆ ಕರೆಗಂಟೆ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ. ರೋಗಿ ಮಲಗಿದಲ್ಲೇ ಗುಂಡಿ ಒತ್ತಿದರೆ ನರ್ಸಮ್ಮನ ಮೇಜಿನ ಮೇಲೆ ಕೆಂಪು ದೀಪ ಹತ್ತಿ ಗಂಟೆ ಹೊಡೆಯಬೇಕು. ಅದರ ಕೆಲಸ ಇಷ್ಟೇ. ಆ ಗಂಟೆಯ ಹೊಟ್ಟೆಯಲ್ಲಿ ಅಂಗೈಯಗಲದ ಹಸಿರು ಬೋರ್ಡು ಇರುತ್ತದೆ. ಬೋರ್ಡಿನ ಮೇಲೆ ಯಾವ ಪಾರ್ಟು ಎಲ್ಲಿ ಕೂರಬೇಕು ಎಂಬುದನ್ನು ಮೊದಲು ಕಂಪ್ಯೂಟರಿನಲ್ಲಿ ಬರೆದುಕೊಳ್ಳಬೇಕು. ಅದಕ್ಕೆಂದೇ ಇರುವ ಸಾಫ್ಟ್‌ವೇರಿನಲ್ಲಿ ಸಾವಿರಾರು ಪಾರ್ಟುಗಳ ಚಿತ್ರಗಳನ್ನು ಕೂಡಿಟ್ಟ ಉಗ್ರಾಣವೊಂದಿದೆ. ಬೇಕಾದ ಪಾರ್ಟು ಅಲ್ಲಿದ್ದರೆ ಎತ್ತಿ ಕೂರಿಸಿದರಾಯಿತು. ಇಲ್ಲದಿದ್ದರೆ ಹೊಸದಾಗಿ ಬರೆಯಬೇಕು: ಅದರ ಮೈ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಕಾಲು, ಒಂದು ಕಾಲಿಗೂ ಇನ್ನೊಂದಕ್ಕೂ ಎಷ್ಟು ದೂರ, ಕಾಲೂರಲು ಎಲ್ಲೆಲ್ಲಿ ತಾಮ್ರದ ಚುಕ್ಕಿ ಬೇಕು ಎಂದೆಲ್ಲ. ಈ ಚುಕ್ಕಿ ಇಡುವ ಕೆಲಸವನ್ನು ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದುದರಿಂದ ಅವರು ಚುಕ್ಕಿರಾಯರು. ತಾಯಿತಂದೆ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅವರಿಗೆ ಪದವಿ ಇರಲಿಲ್ಲ. ಅಕ್ಕಪಕ್ಕ ಕೂತವರೆಲ್ಲ ಹೆಸರಿನ ಹಿಂದೆ ಅಕ್ಷರಗಳ ಬಾಲ ಅಂಟಿಸಿಕೊಂಡವರು. ಚುಕ್ಕಿರಾಯರಿಗಿದ್ದ ಆಸ್ತಿಯೆಂದರೆ ‘ರಾಯರಿಗೆ ಗೊತ್ತಿರುತ್ತೆ’ ಎಂಬ ಒಂದು ಮಾತು. ಆ ಮಾತು ಹೋದ ದಿನ ತಮ್ಮ ಕುರ್ಚಿಯೂ ಹೋಗುತ್ತದೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಹಾಗಾಗಿ ಅವರು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಉಪ್ಪು ಬೇಕಾದರೂ ‘ಈ ಉಪ್ಪು ಯಾರದ್ದಪ್ಪಾ?’ ಎನ್ನುತ್ತಿದ್ದರೇ ಹೊರತು ‘ಸ್ವಲ್ಪ ಕೊಡಿ’ ಎನ್ನುತ್ತಿರಲಿಲ್ಲ. ಯಾರಾದರೂ ಅರ್ಥ ಮಾಡಿಕೊಂಡು ಕೊಟ್ಟರೆ ಉಪ್ಪು, ಇಲ್ಲದಿದ್ದರೆ ಸಪ್ಪೆ ಊಟ.

ಇಂಥವರ ಬಾಳಿನಲ್ಲಿ ಒಂದು ದಿನ ಸ್ಟೂಲು ಬಂತು.

ಕಾರ್ಖಾನೆಯ ದೊಡ್ಡ ಸಾಹೇಬರು ಹಳೆಯ ಕಾಲದ ಇಂಜಿನಿಯರ್. ಸರ್ಕ್ಯೂಟನ್ನು ಇಂದಿಗೂ ಪೆನ್ಸಿಲ್ಲಿನಿಂದ ಕಾಗದದ ಮೇಲೆ ಬರೆದೇ ಕೊಡುವವರು. ಹೊಸ ಕರೆಗಂಟೆಯ ಸರ್ಕ್ಯೂಟು ಬರೆಯುತ್ತಾ ಕೂತಿದ್ದಾಗ ಅವರಿಗೆ ಬಡಗಿಯ ಫೋನು ಬಂತು. ಮನೆಯಲ್ಲಿ ಸಾಹೇಬರ ಹೆಂಡತಿಗೆ ಮೇಲಿನ ಅಟ್ಟಕ್ಕೆ ಕೈ ಎಟುಕುತ್ತಿರಲಿಲ್ಲ, ಒಂದು ಸ್ಟೂಲು ಮಾಡಿಸಬೇಕಾಗಿತ್ತು. ‘ಎತ್ತರ ಹದಿನೆಂಟು ಇಂಚು, ಅಗಲ ಹನ್ನೆರಡು, ಗಟ್ಟಿ ಇರ್ಲಿ ಕಣಯ್ಯಾ’ ಎಂದು ಬಡಗಿಗೆ ಹೇಳುತ್ತಾ ಸಾಹೇಬರು ಕೈಯಲ್ಲಿದ್ದ ಪೆನ್ಸಿಲ್ಲಿನಿಂದ ಎದುರಿಗಿದ್ದ ಕಾಗದದ ಮೂಲೆಯಲ್ಲೇ ಒಂದು ಸ್ಟೂಲು ಬರೆದರು. ಸರ್ಕ್ಯೂಟಿನ ಬುಡದಲ್ಲಿ ಗ್ರೌಂಡ್, ಅಂದರೆ ನೆಲ, ಎಂದು ಒಂದು ಉದ್ದ ಗೆರೆ ಎಳೆದಿರುತ್ತಾರಲ್ಲ, ಸ್ಟೂಲು ಅದರ ಮೇಲೇ ನಿಂತಿತು. ಎದುರಿನಿಂದ ನೋಡಿದರೆ ಸ್ಟೂಲಿಗೆ ಎರಡೇ ಕಾಲು. ಮೇಲೊಂದು ಚೌಕ, ಕೆಳಗೆರಡು ಕಾಲು, ಪಕ್ಕದಲ್ಲಿ ೧೮, ೧೨. ಫೋನು ಇಟ್ಟರು, ಸರ್ಕ್ಯೂಟು ಮುಗಿಸಿದರು, ಸ್ಟೂಲನ್ನು ಮರೆತರು.

ಕಾಗದ ಚುಕ್ಕಿರಾಯರ ಮೇಜಿಗೆ ಬಂತು. ಉಗ್ರಾಣದಲ್ಲಿ ಇಲ್ಲದ ಪಾರ್ಟು ಎರಡು ಕಂಡವು. ಒಂದು, ಕರೆಂಟು ಹೋದಾಗ ಗಂಟೆಯನ್ನು ಕಾಯುವ ಬ್ಯಾಟರಿಯ ಕನೆಕ್ಟರು. ಅದನ್ನು ತಯಾರಕರ ಕೆಟಲಾಗಿನ ಚಿತ್ರ ನೋಡಿ ಹತ್ತು ನಿಮಿಷದಲ್ಲಿ ಬರೆದು ಬಿಸಾಕಿದರು. ಎರಡನೆಯದು ಈ ಸ್ಟೂಲು.

ಮೇಲೆ ಮೈ, ಕೆಳಗೆ ಎರಡು ಕಾಲು, ಅಳತೆ ಹದಿನೆಂಟು ಬೈ ಹನ್ನೆರಡು. ಮಿಲಿಮೀಟರ್ ಎಂದು ಬೇರೆ ಹೇಳಬೇಕೇ? ಈ ಉದ್ಯೋಗದಲ್ಲಿ ಅಳತೆ ಎಂದರೆ ಮಿಲಿಮೀಟರೇ. ಆದರೆ ಎರಡು ಕಾಲನ್ನೂ ಒಂದೇ ಗೆರೆಯ ಮೇಲೆ ಊರಿಕೊಂಡು ಸುಮ್ಮನೆ ನಿಂತಿರುವ ಪಾರ್ಟನ್ನು ಚುಕ್ಕಿರಾಯರು ಹುಟ್ಟಿದಾರಭ್ಯ ಕಂಡಿರಲಿಲ್ಲ. ಕಾಗದವನ್ನು ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು, ಕನ್ನಡಕ ತೆಗೆದು ನೋಡಿದರು. ಸಾಹೇಬರ ಕೋಣೆ ಹನ್ನೊಂದು ಹೆಜ್ಜೆ ದೂರ, ಬಾಗಿಲು ತೆರೆದೇ ಇತ್ತು. ಹೋಗಿ ‘ಇದೇನು ಸಾರ್?’ ಎಂದಿದ್ದರೆ ಕಥೆ ಇಲ್ಲಿಗೇ ಮುಗಿದು ಓದುಗರು ತಮ್ಮ ತಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಚುಕ್ಕಿರಾಯರು ಎದ್ದರು, ಆರು ಹೆಜ್ಜೆ ಹೋದರು. ಏಳನೆಯ ಹೆಜ್ಜೆಯಲ್ಲಿ ಹೊಸದಾಗಿ ಸೇರಿದ್ದ ಇಂಜಿನಿಯರಮ್ಮ ತಲೆಯೆತ್ತಿ ನೋಡಿದರು. ರಾಯರು ಅಲ್ಲೇ ನಿಂತು, ಕಿಟಕಿಯಾಚೆ ಏನೋ ಮುಖ್ಯವಾದದ್ದು ಇರುವವರ ಹಾಗೆ ಸ್ವಲ್ಪ ಹೊತ್ತು ನೋಡಿ, ವಾಪಸು ಬಂದು ಕೂತರು.

ಕೂತವರು ಪಾರ್ಟು ಬರೆದೇ ಬಿಟ್ಟರು. ಹದಿನೆಂಟು ಬೈ ಹನ್ನೆರಡರ ಮೈ, ಎರಡು ಮಿಲಿಮೀಟರ್ ದಪ್ಪದ ಎರಡು ಕಾಲು, ಎರಡು ಚುಕ್ಕಿ. ಚಿತ್ರ ಮುದ್ದಾಗಿಯೇ ಬಂತು. ಆದರೆ ಸಾಫ್ಟ್‌ವೇರು ಮನುಷ್ಯರ ಹಾಗಲ್ಲ, ಬಾಯಿ ಬಿಟ್ಟು ಕೇಳುತ್ತದೆ. ಹೆಸರು? ‘ವಿಶೇಷ ೧೮೧೨’ ಎಂದು ಬರೆದರು. ಬಣ್ಣ? ಪಾರ್ಟುಗಳೆಲ್ಲ ಸಾಮಾನ್ಯವಾಗಿ ಕಪ್ಪು, ಆದ್ದರಿಂದ ಕಪ್ಪು. ತಯಾರಕರು ಯಾರು, ಫೋನು ನಂಬರೇನು? ಇಲ್ಲಿ ರಾಯರು ತಡವರಿಸಿದರು. ಖಾಲಿ ಬಿಟ್ಟು ಮುಂದೆ ಹೋಗಲು ನೋಡಿದರೆ ಆ ಡಬ್ಬಿ ಕೆಂಪಗಾಗಿ, ಪಾರ್ಟನ್ನು ಉಳಿಸುವುದೇ ಇಲ್ಲ ಎಂದು ಹಟ ಹಿಡಿಯಿತು. ಆಮೇಲೆ ಸರಿಪಡಿಸಿದರಾಯಿತು ಎಂದುಕೊಂಡು ಅವರು ಬಾಯಿಪಾಠವಿದ್ದ ಒಂದೇ ಒಂದು ನಂಬರನ್ನು ಒತ್ತಿದರು. ಅದು ಅವರ ಹೆಂಡತಿಯ ತಮ್ಮನ ಸೈಕಲ್ ರಿಪೇರಿ ಅಂಗಡಿಯದು. ಡಬ್ಬಿ ಹಸಿರಾಯಿತು, ಪಾರ್ಟು ಹುಟ್ಟಿತು. ಆಮೇಲೆ ಸರಿಪಡಿಸುವ ಕೆಲಸ ಎಂದಿನಂತೆ ಆಮೇಲಿಗೇ ಉಳಿಯಿತು.

ಮಾರನೆಯ ದಿನ ಬೋರ್ಡಿನ ಚಿತ್ರವನ್ನು ಗೋಡೆಯ ಮೇಲೆ ಬಿಟ್ಟು ಎಲ್ಲರೂ ಕೂತು ನೋಡಿದರು. ಮೂಲೆಯಲ್ಲಿ ಕಪ್ಪಗೆ, ಯಾರ ತಂಟೆಗೂ ಹೋಗದೆ ವಿಶೇಷ ೧೮೧೨ ಕೂತಿತ್ತು. ಇಂಜಿನಿಯರಮ್ಮ ಅದನ್ನು ನೋಡಿ, ಕಾಲೇಜಿನಲ್ಲಿ ತಾವು ಚಕ್ಕರ್ ಹೊಡೆದ ದಿನವೇ ಇದರ ಪಾಠ ಆಗಿರಬೇಕು ಎಂದುಕೊಂಡರು. ದೊಡ್ಡ ಸಾಹೇಬರಿಗೆ ತಾವು ಇಂಥದ್ದನ್ನು ಬರೆದ ನೆನಪೇ ಇರಲಿಲ್ಲ. ಆದರೆ ಬರೆಯಲಿಲ್ಲ ಎಂದು ಹೇಳಲು ಧೈರ್ಯವೂ ಇರಲಿಲ್ಲ. ಇತ್ತೀಚೆಗೆ ಮರೆವು ಹೆಚ್ಚಾಗಿದೆ ಎಂದು ಮನೆಯಲ್ಲಿ ದಿನಾ ಕೇಳುತ್ತಿದ್ದರು, ಆಫೀಸಿನಲ್ಲೂ ಕೇಳಿಸಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ.

“ಇದು...” ಎಂದರು ಸಾಹೇಬರು.

“ಹೌದು ಸಾರ್” ಎಂದರು ಚುಕ್ಕಿರಾಯರು.

“ರಕ್ಷಣೆಗೆ ಇರ್ಬೇಕು” ಎಂದರು ಇಂಜಿನಿಯರಮ್ಮ, ಪ್ರಶ್ನೆಯೂ ಅಲ್ಲದ ಉತ್ತರವೂ ಅಲ್ಲದ ದನಿಯಲ್ಲಿ.

“ಮತ್ತೆ? ಆಸ್ಪತ್ರೆ ಸಾಮಾನು ಅಂದ್ಮೇಲೆ ರಕ್ಷಣೆ ಬೇಡ್ವೇ? ಬೇಕೇ ಬೇಕು” ಎಂದು ಸಾಹೇಬರು ಸಹಿ ಹಾಕಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇಲ್ಲಿ ಕಟ್ಟಿದ್ದಷ್ಟೇ ಅಲ್ಲ, ಮುನ್ನೂರು ಕರು ಬೇಕು ಎಂದು ಆರ್ಡರೂ ಹೋಯಿತು. ಖರೀದಿ ಅಧಿಕಾರಿ ತಯಾರಕರ ನಂಬರಿಗೆ ಫೋನು ಹಚ್ಚಿದರು.

ಸೈಕಲ್ ಅಂಗಡಿಯ ಬಾಮೈದ ಆ ಹೊತ್ತಿನಲ್ಲಿ ಒಂದು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ಹುಡುಕುತ್ತಿದ್ದ. ಗಿರಾಕಿಗೆ ‘ಇಲ್ಲ’ ಎಂದರೆ ಅಂಗಡಿಗೆ ದರಿದ್ರ ಎಂಬುದು ಅವನ ಏಕೈಕ ಸಿದ್ಧಾಂತ.

“ನಿಮ್ಮಲ್ಲಿ ವಿಶೇಷ ಹದಿನೆಂಟು ಹನ್ನೆರಡು ಇದೆಯಾ?”

“ಎಷ್ಟು ಬೇಕು ಸಾರ್?”

“ಮುನ್ನೂರು. ಕಪ್ಪು.”

“ಕಪ್ಪೇ ಒಳ್ಳೇದು ಸಾರ್, ಕೊಳೆ ಕಾಣಲ್ಲ. ಅಳತೆ ಏನಾದ್ರೂ ಇದ್ರೆ ಫೋನಿಗೆ ಹಾಕಿಬಿಡಿ.”

“ಡ್ರಾಯಿಂಗ್ ಕಳಿಸ್ತೀನಿ. ಎಷ್ಟು ತಿಂಗಳು ಆಗುತ್ತೆ?”

“ತಿಂಗಳಾ? ಹತ್ತು ದಿನಕ್ಕೆ ನಾನೇ ತಂದುಕೊಡ್ತೀನಿ ಸಾರ್.”

ಖರೀದಿ ಅಧಿಕಾರಿ ಫೋನಿಟ್ಟು ಬೆವರೊರೆಸಿಕೊಂಡರು. ಒಂದು ಚಿಟಿಕೆ ಗಾತ್ರದ ಪಾರ್ಟಿಗೂ ನಾಲ್ಕು ತಿಂಗಳು ಕಾಯಿಸುವ ಕಂಪನಿಗಳ ಜೊತೆ ಹೋರಾಡಿ ಅವರ ತಲೆ ಬೋಳಾಗಿತ್ತು. “ಕಂಪನಿ ಅಂದ್ರೆ ಇದು ಕಣ್ರೀ! ಒಂದು ಪ್ರಶ್ನೆ ಕೇಳ್ಲಿಲ್ಲ!” ಎಂದು ಇಡೀ ಆಫೀಸಿಗೆ ಸಾರಿದರು. ಚುಕ್ಕಿರಾಯರು ಆಗ ಚಹಾ ಕುಡಿಯಲು ಹೊರಗೆ ಹೋಗಿದ್ದರು.

ನಾಲ್ಕು ದಿನ ಕಳೆದು ಅವರು ಸಂಜೆ ಮನೆಗೆ ಬಂದಾಗ ಬೀದಿಗೆ ಬೀದಿಯೇ ಟಯರು ಕತ್ತರಿಸುತ್ತಾ ಕೂತಿತ್ತು. ಜಗಲಿ ಜಗಲಿಯ ಮೇಲೂ ಹಳೆಯ ಸೈಕಲ್ ಟಯರು, ಕತ್ತರಿ, ಸ್ಕೇಲು. ಎದುರು ಮನೆಯ ನಿವೃತ್ತ ಮೇಷ್ಟ್ರು ಪ್ರತಿ ತುಂಡನ್ನೂ ಅಳೆದು, ಹದಿನೆಂಟಕ್ಕೆ ಕೂದಲೆಳೆ ಕಡಿಮೆಯಿದ್ದರೂ ಪಕ್ಕಕ್ಕೆ ಎಸೆಯುತ್ತಿದ್ದರು. ನಡುವೆ ಬಾಮೈದ ಸೈಕಲ್ಲಿನ ಹಳೆಯ ಸ್ಪೋಕ್ ಕಡ್ಡಿಗಳನ್ನು ತುಂಡು ಮಾಡಿ ರಬ್ಬರಿಗೆ ಎರಡೆರಡು ಕಾಲು ಚುಚ್ಚುತ್ತಿದ್ದ.

“ಬನ್ನಿ ಭಾವ, ಬನ್ನಿ!” ಎಂದ. “ನಿಮ್ಮ ಫ್ಯಾಕ್ಟರಿಯೋರು ನಮಗೆ ಆರ್ಡರ್ ಕೊಟ್ಟವ್ರೆ! ನೀವೇ ನಂಬರ್ ಕೊಟ್ಟಿರ್ಬೇಕು. ಒಂದು ಮಾತು ಬಾಯಿ ಬಿಡ್ಲಿಲ್ಲವಲ್ಲ ಭಾವ ನೀವು! ಬಲಗೈಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರ್ದು ಅಂತಾರಲ್ಲ, ಹಂಗೆ.”

“ಡ್ರಾಯಿಂಗ್‌ನ ಕೆಳಗೆ ನಿಮ್ಮ ಸಹಿ ಇತ್ತು ರೀ” ಎಂದು ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡರು. “ನನ್ನ ತಮ್ಮನ್ನ ಕಂಡ್ರೆ ನಿಮಗೆ ಅಷ್ಟಕ್ಕಷ್ಟೇ ಅಂದ್ಕೊಂಡಿದ್ದೆ. ಇಷ್ಟು ವರ್ಷ ತಪ್ಪು ತಿಳ್ಕೊಂಡೆ.”

ಚುಕ್ಕಿರಾಯರು ಇಂಗು ತಿಂದ ಮಂಗನ ಹಾಗೆ ನಿಂತರು. ಕೈಗೆ ಕೊಟ್ಟ ತುಂಡನ್ನು ತಿರುಗಿಸಿ ನೋಡಿದರು. ಹದಿನೆಂಟು ಬೈ ಹನ್ನೆರಡು, ಎರಡು ಕಾಲು, ಕಪ್ಪು. ತಾವು ಬರೆದದ್ದಕ್ಕೂ ಅದಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಯಾವ ದೊಡ್ಡ ಕಂಪನಿಯೂ ಅವರ ಡ್ರಾಯಿಂಗನ್ನು ಇಷ್ಟು ನಿಷ್ಠೆಯಿಂದ ಪಾಲಿಸಿರಲಿಲ್ಲ.

“ಇದು ಏನಕ್ಕೆ ಉಪಯೋಗ ರಾಯರೇ?” ಎಂದರು ಮೇಷ್ಟ್ರು.

ನಿಜ ಹೇಳಲು ಅದು ಒಳ್ಳೆಯ ಹೊತ್ತು. ಆದರೆ ಹೆಂಡತಿ ಹೆಮ್ಮೆಯಿಂದ ನೋಡುತ್ತಿದ್ದರು, ಬಾಮೈದನ ಮುಖ ಊರಗಲವಾಗಿತ್ತು, ಇಡೀ ಬೀದಿ ಕತ್ತರಿ ನಿಲ್ಲಿಸಿ ಕಾಯುತ್ತಿತ್ತು.

“ಆಸ್ಪತ್ರೆಗೆ” ಎಂದರು ರಾಯರು.

“ಅಂದ್ರೆ ಜೀವ ಉಳಿಸೋ ಸಾಮಾನು!” ಎಂದು ಮೇಷ್ಟ್ರು ಎದ್ದು ನಿಂತರು. “ಕೇಳಿದ್ರಾ ಎಲ್ಲಾರೂ? ಇನ್ಮೇಲೆ ಕೈ ತೊಳ್ಕೊಂಡು ಕತ್ತರಿಸಿ.” ಬೀದಿಯವರೆಲ್ಲ ನಲ್ಲಿಯ ಮುಂದೆ ಸಾಲುಗಟ್ಟಿದರು. ಚುಕ್ಕಿರಾಯರು ಒಳಗೆ ಹೋಗಿ ತಲೆನೋವೆಂದು ಮುಸುಕು ಹಾಕಿಕೊಂಡರು.

ಹತ್ತನೆಯ ದಿನ ಬಾಮೈದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುನ್ನೂರು ಪಾರ್ಟುಗಳನ್ನು ಎರಡು ಡಬ್ಬದಲ್ಲಿ ತುಂಬಿ ತಂದು ಗೇಟಿನಲ್ಲಿ ಕೊಟ್ಟ. ಡಬ್ಬ ಸೋಲ್ಡರಿಂಗ್ ವಿಭಾಗಕ್ಕೆ ಹೋಯಿತು. ಅಲ್ಲಿ ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಒಬ್ಬ ಹೆಂಗಸಿದ್ದರು. ಬೋರ್ಡಿಗೆ ಪಾರ್ಟು ಕೂರಿಸಿ, ಕಾದ ಕಡ್ಡಿಯಿಂದ ಬೆಸುಗೆ ಹಾಕುವುದು ಅವರ ಕೆಲಸ. ರಾಯರಿಗಿಂತ ನಾಲ್ಕು ವರ್ಷ ಮೊದಲು ಸೇರಿದವರು. ಮೊದಲನೆಯ ವಿಶೇಷ ಪಾರ್ಟಿಗೆ ಕಾವು ತಾಗಿದೊಡನೆ ಕೋಣೆಯ ತುಂಬ ಟಯರು ಸುಟ್ಟ ವಾಸನೆ ಎದ್ದಿತು. ದೊಡ್ಡಮ್ಮ ಬಾಗಿಲಲ್ಲಿ ಹಾದುಹೋಗುತ್ತಿದ್ದ ರಾಯರ ಮುಖ ನೋಡಿದರು.

“ಸ್ವಲ್ಪ ವಾಸನೆ ಬರುತ್ತೆ ರಾಯರೇ.”

“ಬರುತ್ತೆ” ಎಂದರು ರಾಯರು, ಅದೂ ತಮ್ಮ ಲೆಕ್ಕಾಚಾರದಲ್ಲೇ ಇದ್ದ ಹಾಗೆ.

ದೊಡ್ಡಮ್ಮ ಇನ್ನೇನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಕಿಟಕಿ ತೆಗೆದಿಟ್ಟು ಮುನ್ನೂರನ್ನೂ ಕೂರಿಸಿದರು.

ಸಾಮಾನು ಒಪ್ಪಿಕೊಳ್ಳಲು ಆಸ್ಪತ್ರೆಯ ಕಡೆಯಿಂದ ಬಂದವರು ಹಿರಿಯ ನರ್ಸಮ್ಮ. ಎತ್ತರದ ಹೆಂಗಸು, ನರೆತ ಕೂದಲು, ಸದ್ದಿಲ್ಲದ ಚಪ್ಪಲಿ. ಮೇಜಿನ ಸುತ್ತ ದೊಡ್ಡ ಸಾಹೇಬರು, ಇಂಜಿನಿಯರಮ್ಮ, ಖರೀದಿ ಅಧಿಕಾರಿ, ಚುಕ್ಕಿರಾಯರು ಕೂತಿದ್ದರು. ದೊಡ್ಡಮ್ಮ ಬೋರ್ಡುಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನರ್ಸಮ್ಮ ಗುಂಡಿ ಒತ್ತಿದರು, ದೀಪ ಹತ್ತಿ ಗಂಟೆ ಹೊಡೆಯಿತು. ಎಲ್ಲರೂ ಉಸಿರು ಬಿಟ್ಟರು. ಅಷ್ಟಕ್ಕೇ ಎದ್ದು ಹೋಗುವ ಬದಲು ಆಕೆ, “ಒಳಗೆ ಹೆಂಗಿದೆ, ಬಿಚ್ಚಿ ತೋರಿಸಿ” ಎಂದರು. ಬಿಚ್ಚಿದರು. ಆಕೆ ಬೋರ್ಡನ್ನು ಮೂಸಿದರು. ಮೂಲೆಯಲ್ಲಿದ್ದ ಕಪ್ಪು ತುಂಡಿನ ಮೇಲೆ ಬೆರಳಿಟ್ಟು, “ಇದೇನು?” ಎಂದರು.

ಈ ಪ್ರಶ್ನೆಯನ್ನು ಇಷ್ಟು ದಿನದಲ್ಲಿ ಈ ಕಾರ್ಖಾನೆಯೊಳಗೆ ಯಾರೂ ಬಾಯಿ ಬಿಟ್ಟು ಕೇಳಿರಲಿಲ್ಲ.

“ಅದು ವಿಶೇಷ ಪಾರ್ಟು. ನಮ್ಮ ಇಂಜಿನಿಯರ್ ವಿವರಿಸ್ತಾರೆ” ಎಂದರು ಸಾಹೇಬರು.

“ರಕ್ಷಣೆಗೆ. ಮಿಕ್ಕಿದ್ದು ರಾಯರಿಗೆ ಗೊತ್ತಿರುತ್ತೆ” ಎಂದರು ಇಂಜಿನಿಯರಮ್ಮ.

“ಭಾರೀ ಒಳ್ಳೇ ಕಂಪನೀದು” ಎಂದು ಖರೀದಿ ಅಧಿಕಾರಿ ತಮ್ಮ ಪಾಲಿನದನ್ನು ಸೇರಿಸಿದರು.

ಎಲ್ಲರೂ ಚುಕ್ಕಿರಾಯರ ಕಡೆ ತಿರುಗಿದರು. ಅವರ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಆದರೂ ಹಳೆಯ ಚಾಳಿ ಕೈಬಿಡಲಿಲ್ಲ.

“ಅದು ನೋಡಿ, ಒಳಗಿನಿಂದ ಒಂದು ಒತ್ತಡ ಇರುತ್ತೆ, ಹೊರಗಿನಿಂದ ಒಂದು ಒತ್ತಡ ಇರುತ್ತೆ. ಎರಡರ ಮಧ್ಯೆ ಇದು, ಎರಡೂ ಕಾಲನ್ನ ನೆಲದ ಮೇಲೆ ಊರಿ, ಒಂಥರಾ ಸಮಾಧಾನವಾಗಿ...”

“ನನಗೆ ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳಿ” ಎಂದರು ನರ್ಸಮ್ಮ.

ರಾಯರು ಇನ್ನೊಂದು ಸಲ, ಅಡ್ಡಗೋಡೆಯ ಮೇಲೆ ಇನ್ನೂ ಸ್ವಲ್ಪ ಎತ್ತರದಲ್ಲಿ ದೀಪ ಇಟ್ಟರು.

“ಈಗ್ಲೂ ಅರ್ಥ ಆಗ್ಲಿಲ್ಲ” ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. “ಬೇಜಾರು ಮಾಡ್ಕೋಬೇಡಿ. ನನಗೆ ಇದೆಲ್ಲಾ ಗೊತ್ತಿಲ್ಲ, ಅದಕ್ಕೇ ಕೇಳ್ತಿದೀನಿ. ವಾರ್ಡಿನಲ್ಲಿ ಎಷ್ಟೋ ಜನ ಬೆಲ್ ಕೈಯಲ್ಲಿದ್ರೂ ಒತ್ತಲ್ಲ. ಯಾಕೆ ತೊಂದ್ರೆ ಕೊಡೋದು, ಏನಂದ್ಕೋತಾರೋ ಅಂತ. ತಾವೇ ಎದ್ದು ಹೋಗೋಕೆ ಹೋಗಿ ಬೀಳ್ತಾರೆ. ಅಂಥೋರು ಒಂದಿನ ಧೈರ್ಯ ಮಾಡಿ ಒತ್ತಿದ್ರೆ, ಅವತ್ತಾದ್ರೂ ಇದು ಹೊಡೀಬೇಕಲ್ವಾ? ಅದಕ್ಕೆ ಒಳಗಿರೋ ಒಂದೊಂದನ್ನೂ ಕೇಳಿ ತಿಳ್ಕೊಂಡು ಹೋಗ್ತೀನಿ. ಹೇಳಿ, ಇದೇನು?”

ಚುಕ್ಕಿರಾಯರು ಮೇಜಿನ ಮೇಲಿನ ಟಯರಿನ ತುಂಡನ್ನು ನೋಡಿದರು. ಆಮೇಲೆ ತಮ್ಮ ಕುರ್ಚಿಯ ಕೈಯನ್ನು ಒಮ್ಮೆ ಸವರಿದರು, ಊರಿಗೆ ಹೋಗುವವರು ಮನೆಯ ಬಾಗಿಲು ಸವರುವ ಹಾಗೆ.

“ನನಗೆ ಗೊತ್ತಿಲ್ಲಮ್ಮ” ಎಂದರು.

ಟಯರಿನ ತುಂಡನ್ನು ಬೆರಳಿನಿಂದ ಮುಟ್ಟಿ ಮುಂದುವರಿಸಿದರು.

“ಸಾಹೇಬ್ರು ಬರೆದಿದ್ರು. ಏನು ಅಂತ ತಿಳೀಲಿಲ್ಲ. ಕೇಳೋಕೆ ನಾಚಿಕೆ ಆಯ್ತು. ಆ ಕಂಪನಿ, ಅದು ಕಂಪನಿ ಅಲ್ಲ. ನನ್ನ ಬಾಮೈದನ ಸೈಕಲ್ ಶಾಪು. ಇದು ಟಯರು.”

ಖರೀದಿ ಅಧಿಕಾರಿ ಕೂತಲ್ಲೇ ಎರಡಿಂಚು ಕುಗ್ಗಿದರು. ಸಾಹೇಬರು ಎದ್ದು ಹೋಗಿ ಹಳೆಯ ಕಾಗದವನ್ನು ಹುಡುಕಿ ತಂದರು, ನೋಡಿದರು, ಕಿವಿಯವರೆಗೂ ಕೆಂಪಾದರು.

“ಇದು ನಮ್ಮ ಮನೆ ಸ್ಟೂಲು ಕಣ್ರೀ!” ಎಂದರು. “ಸಭೇಲಿ ನೋಡಿದಾಗ ನನಗೂ ಏನಂತ ಗೊತ್ತಾಗ್ಲಿಲ್ಲ. ಗೊತ್ತಿಲ್ಲ ಅಂದ್ರೆ ನೀವೆಲ್ಲ ನನಗೆ ವಯಸ್ಸಾಯ್ತು ಅಂದ್ಕೋತೀರ ಅಂತ ಸಹಿ ಹಾಕ್ದೆ.”

“ನನಗೂ ಗೊತ್ತಿರ್ಲಿಲ್ಲ ಸಾರ್” ಎಂದರು ಇಂಜಿನಿಯರಮ್ಮ ಮೆಲ್ಲಗೆ.

ನರ್ಸಮ್ಮ ಮೊದಲು ನಕ್ಕರು. ಆಕೆ ನಕ್ಕದ್ದು ನೋಡಿ ಸಾಹೇಬರು ನಕ್ಕರು. ಖರೀದಿ ಅಧಿಕಾರಿಯೂ ಕೊನೆಗೆ ‘ಹತ್ತು ದಿನಕ್ಕೆ ತಂದ್ಕೊಟ್ನಲ್ಲಪ್ಪಾ ಅವನು!’ ಎಂದು ಹೊಟ್ಟೆ ಹಿಡಿದುಕೊಂಡರು. ಚುಕ್ಕಿರಾಯರಿಗೆ ಮಾತ್ರ ನಗು ಬರಲಿಲ್ಲ. ಹತ್ತೊಂಬತ್ತು ವರ್ಷ ಕಾಪಾಡಿಕೊಂಡು ಬಂದದ್ದು ಒಂದು ಮಾತಿಗೆ ಹೋಗಿತ್ತು, ಇನ್ನು ಕುರ್ಚಿಯೊಂದು ಬಾಕಿ ಎಂದು ಅವರು ಕಾಯುತ್ತಿದ್ದರು.

“ಹಂಗಾದ್ರೆ ನಾನೂ ಒಂದು ಕೇಳ್ಲಾ?” ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ದೊಡ್ಡಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು, ಒಂದು ಬೋರ್ಡು ಎತ್ತಿಕೊಂಡು ಬ್ಯಾಟರಿಯ ಕನೆಕ್ಟರನ್ನು ತೋರಿಸಿದರು. “ಇಲ್ಲಿ ಬ್ಯಾಟರಿ ವೈರು ಸಿಕ್ಕಿಸಿದ್ರೆ ಕೆಂಪು ವೈರು ಮೈನಸ್ ಗುರುತಿನ ಹತ್ರ ಬರುತ್ತೆ, ಕಪ್ಪು ಪ್ಲಸ್ ಹತ್ರ. ಅದು ಹಂಗೇ ಇರ್ಬೇಕಾ ರಾಯರೇ?”

ನಗು ನಿಂತಿತು. ಚುಕ್ಕಿರಾಯರು ಬೋರ್ಡನ್ನು ಕಿತ್ತುಕೊಳ್ಳುವ ಹಾಗೆ ತೆಗೆದುಕೊಂಡರು. ಕೆಟಲಾಗು ತರಿಸಿ ಚಿತ್ರದ ಪಕ್ಕ ಹಿಡಿದರು. ಚಿತ್ರದ ಕೆಳಗೆ ಇರುವೆಗಾತ್ರದ ಅಕ್ಷರದಲ್ಲಿ ಬರೆದಿತ್ತು: ಕನೆಕ್ಟರನ್ನು ಕೆಳಗಿನಿಂದ ನೋಡಿದಾಗ ಹೀಗೆ ಕಾಣುತ್ತದೆ. ರಾಯರು ಅದನ್ನು ಮೇಲಿನಿಂದ ನೋಡಿದ್ದು ಎಂದುಕೊಂಡು ಹತ್ತು ನಿಮಿಷದಲ್ಲಿ ಬರೆದು ಬಿಸಾಕಿದ್ದರು. ಕನ್ನಡಿಯಲ್ಲಿ ಎಡಗೈ ಬಲಗೈಯಾದ ಹಾಗೆ ಪ್ಲಸ್ಸು ಮೈನಸ್ಸು ಅದಲುಬದಲಾಗಿತ್ತು.

ದೊಡ್ಡ ಸಾಹೇಬರು ಬ್ಯಾಟರಿ ಸಿಕ್ಕಿಸಿ ಗೋಡೆಯ ಸ್ವಿಚ್ಚು ಆರಿಸಿದರು. ಕಾರ್ಖಾನೆಯಲ್ಲಿ ಗಂಟೆಯನ್ನು ಪರೀಕ್ಷಿಸುತ್ತಿದ್ದದ್ದು ಕರೆಂಟು ಇದ್ದಾಗ ಮಾತ್ರ. ಹೋದಾಗ ಏನಾಗುತ್ತದೆಂದು ಯಾರೂ ನೋಡಿರಲಿಲ್ಲ. ಚುಕ್ಕಿರಾಯರು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಉಗುರು ಬೆಳ್ಳಗಾಗುವ ತನಕ ಒತ್ತಿ ಹಿಡಿದರು. ನರ್ಸಮ್ಮ ಆ ಬೆರಳನ್ನೇ ನೋಡುತ್ತಾ ಕೂತಿದ್ದರು.

“ಯಾವಾಗ ಕಂಡ್ತು ದೊಡ್ಡಮ್ಮ?” ಎಂದರು ರಾಯರು.

“ಮೊದಲ್ನೇ ಬೋರ್ಡಲ್ಲೇ ಕಂಡಿತ್ತು. ಆದ್ರೆ ನಿಮ್ಮ ಡ್ರಾಯಿಂಗು. ನಿಮಗೆ ಗೊತ್ತಿರುತ್ತೆ ಅಂತ ಸುಮ್ನಾದೆ.”

ಚುಕ್ಕಿರಾಯರಿಗೆ ಆ ಮಾತು ಕಪಾಳಕ್ಕೆ ಬಿಗಿದ ಹಾಗಾಯಿತು. ಹತ್ತೊಂಬತ್ತು ವರ್ಷ ತಾವು ಯಾರನ್ನೂ ಕೇಳಲಿಲ್ಲ ಎಂದಷ್ಟೇ ಅವರಿಗೆ ಗೊತ್ತಿತ್ತು. ತಮ್ಮನ್ನು ಕೇಳಬೇಕಾದವರ ಬಾಯನ್ನೂ ಕಟ್ಟಿಹಾಕಿದ್ದರು ಎಂಬುದು ಈಗ ತಿಳಿಯಿತು. ಅವರಿಗೆ ದುಃಖವಾಯಿತು, ಭಯವೂ ಆಯಿತು.

“ತಪ್ಪು ನಂದು” ಎಂದರು. ಸಾಹೇಬರು ಕುರ್ಚಿಯ ಮಾತೆತ್ತಲಿಲ್ಲ. ನರ್ಸಮ್ಮ ಮಾತ್ರ, “ಎರಡು ವಾರ ತಡ ಆದ್ರೂ ಪರ್ವಾಗಿಲ್ಲ, ಸರಿ ಮಾಡಿ ಕಳಿಸಿ” ಎಂದು ಎದ್ದರು. ಹೋಗುವಾಗ ದೊಡ್ಡಮ್ಮನ ಹೆಗಲು ಮುಟ್ಟಿ ಹೋದರು.

ದಾರಿ ತೋರಿಸಿದವರೂ ದೊಡ್ಡಮ್ಮನೇ. ಬೋರ್ಡನ್ನು ಹೊಸದಾಗಿ ಮಾಡಿಸಬೇಕಿಲ್ಲ, ಬ್ಯಾಟರಿ ವೈರಿನ ತುದಿಯಲ್ಲಿರುವ ಪ್ಲಗ್ಗಿನಿಂದ ಕೆಂಪು ಕಪ್ಪು ಎರಡನ್ನೂ ಎಳೆದು ಅದಲುಬದಲು ಮಾಡಿ ಸಿಕ್ಕಿಸಿದರೆ ಸಾಕು ಎಂದರು. ಎಂಟು ದಿನ ಚುಕ್ಕಿರಾಯರು ಅವರ ಪಕ್ಕದಲ್ಲಿ ಕೂತು, ಚಿಮಟ ಹಿಡಿದು, ಮುನ್ನೂರು ಪ್ಲಗ್ಗು ಬದಲಾಯಿಸಿದರು, ಮುನ್ನೂರು ಟಯರು ತುಂಡು ಕಿತ್ತರು. ಮೊದಲ ದಿನ ಪ್ಲಗ್ಗಿನ ಕೊಂಡಿ ಬಿಡಿಸಲು ಬಾರದೆ ಅರ್ಧ ಗಂಟೆ ಗುದ್ದಾಡಿ, ಕೊನೆಗೆ “ಇದು ಹೆಂಗೆ ದೊಡ್ಡಮ್ಮ?” ಎಂದು ಕೇಳಿದರು. ಆಕೆ ತೋರಿಸಿಕೊಟ್ಟರು. ಆಕಾಶ ಕಳಚಿ ಬೀಳಲಿಲ್ಲ.

ಬೀದಿಯದು ಇದಕ್ಕಿಂತ ಕಷ್ಟದ ಕೆಲಸವಾಗಿತ್ತು. ಒಂದು ಸಂಜೆ ಚುಕ್ಕಿರಾಯರು ಬಾಮೈದನ ಅಂಗಡಿಯ ಮುಂದೆ ನಿಂತು, ಹೆಂಡತಿ, ಮೇಷ್ಟ್ರು, ಕತ್ತರಿ ಹಿಡಿದಿದ್ದವರೆಲ್ಲ ಇರುವಾಗಲೇ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಬಾಮೈದ ಕೈಯಲ್ಲಿದ್ದ ಚಕ್ರವನ್ನು ಒಂದು ಸುತ್ತು ತಿರುಗಿಸಿದ.

“ಏನಕ್ಕೆ ಅಂತ ನಾನೂ ಫೋನಲ್ಲಿ ಕೇಳ್ಬೇಕಿತ್ತು ಭಾವ” ಎಂದ. “ಕೇಳಿದ್ರೆ, ಇವನಿಗೇನು ಗೊತ್ತು ಅಂತ ಬೇರೆಯೋರಿಗೆ ಕೊಟ್ಟಾರು ಅನ್ನಿಸ್ತು.” ಇನ್ನೊಂದು ಸುತ್ತು ತಿರುಗಿಸಿ, “ಆದ್ರೆ ಅಳತೆ ಸರಿಯಾಗಿತ್ತಾ?” ಎಂದ.

“ಒಂದು ತುಂಡೂ ತಪ್ಪಿರ್ಲಿಲ್ಲ” ಎಂದರು ರಾಯರು. ಅದು ನಿಜವಾದ ಮಾತೇ ಆಗಿತ್ತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಮತ್ತೆ ಆ ಸಾಹೇಬ್ರ ಹೆಂಡ್ತಿಗೆ ಸ್ಟೂಲು ಸಿಕ್ತಾ?” ಎಂದು ಹೆಂಡತಿ ಕೇಳಿದರು.

ಅದನ್ನು ರಾಯರು ವಿಚಾರಿಸಿಯೇ ಇರಲಿಲ್ಲ. “ಗೊತ್ತಿಲ್ಲ ಕಣೇ” ಎಂದರು. ಎರಡನೆಯ ಸಲ ಹೇಳುವಾಗ ಮೊದಲಿನಷ್ಟು ಕಷ್ಟವಾಗಲಿಲ್ಲ. ಬೀದಿಯವರೆಲ್ಲ ಗೊಳ್ಳೆಂದು ನಕ್ಕರು, ಅವರೂ ನಕ್ಕರು.

ಕುರ್ಚಿ ಉಳಿಯಿತು. ಆದರೆ ಹಾಸಿಗೆ ಹಾಸಿಗೆಗೂ ಹೋಗಿ ಗಂಟೆ ಕೂರಿಸಿ, ಕರೆಂಟು ತೆಗೆದು ಒಂದೊಂದನ್ನೂ ಒತ್ತಿ ನೋಡಿ ಬರಬೇಕು ಎಂದು ಸಾಹೇಬರು ಶಿಕ್ಷೆ ಕೊಟ್ಟರು. ಚುಕ್ಕಿರಾಯರು ಅದನ್ನು ಶಿಕ್ಷೆ ಎಂದುಕೊಳ್ಳದೆ ಹೋದರು.

ಮೂರನೆಯ ದಿನ ಮಧ್ಯಾಹ್ನ, ಉದ್ದನೆಯ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಒಬ್ಬ ಅಜ್ಜ ಮಲಗಿದ್ದರು. ರಾಯರು ಗಂಟೆ ಕೂರಿಸಿ, ಸ್ವಿಚ್ಚು ಆರಿಸಿ, ಒತ್ತಿ ನೋಡಲು ಕೈ ಚಾಚಿದರು. ಆಗ ಅಜ್ಜನ ಕಣ್ಣು ಪಕ್ಕದ ಮೇಜಿನ ಮೇಲಿದ್ದ ಖಾಲಿ ಲೋಟದ ಕಡೆ ಹೋಗಿ ಬಂದದ್ದು ಕಂಡಿತು.

“ಏನಾದ್ರೂ ಬೇಕಿತ್ತಾ ಅಜ್ಜ?”

“ಏನಿಲ್ಲಪ್ಪ. ನೀರು. ಆಮೇಲೆ ಆದ್ರೂ ನಡೆಯುತ್ತೆ. ಆ ನರ್ಸಮ್ಮ ಪಾಪ ಈಗ ತಾನೇ ಕೂತ್ಕೊಂಡ್ರು.”

ಲೋಟ ತೆಗೆದುಕೊಂಡು ಹೋಗಿ ನೀರು ತಂದುಕೊಡುವುದು ರಾಯರಿಗೆ ಸುಲಭವಿತ್ತು. ಅವರು ಗುಂಡಿಯನ್ನು ಅಜ್ಜನ ಕೈಗೆ ಕೊಟ್ಟರು.

“ನೀವೇ ಒತ್ತಿ.”

ಅಜ್ಜ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟರು, ಒತ್ತಲಿಲ್ಲ. “ಏನಂದ್ಕೋತಾರೋ.”

“ನಾನೂ ಹಂಗೇ ಅಂದ್ಕೊಂಡಿದ್ದೆ” ಎಂದರು ಚುಕ್ಕಿರಾಯರು. “ಯಾರೂ ಏನೂ ಅಂದ್ಕೊಳ್ಳಲ್ಲ. ಒತ್ತಿ.”

ಅಜ್ಜ ಒತ್ತಿದರು. ವಾರ್ಡಿನ ಆ ತುದಿಯಲ್ಲಿ ಕೆಂಪು ದೀಪ ಹತ್ತಿ ಗಂಟೆ ಹೊಡೆಯಿತು. ಹಿರಿಯ ನರ್ಸಮ್ಮ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಎದ್ದು ಈ ಕಡೆ ಬರುವುದು ಕಂಡಿತು. ಚುಕ್ಕಿರಾಯರಿಗೆ ಇನ್ನೂ ಇಪ್ಪತ್ತು ಹಾಸಿಗೆ ಬಾಕಿ ಇದ್ದವು. ಆದರೂ ಅಜ್ಜನ ಲೋಟಕ್ಕೆ ನೀರು ಬೀಳುವ ತನಕ ಅವರು ಅಲ್ಲೇ ನಿಂತಿದ್ದರು.